ದಂಡಿಗೆ ಹೋದವನ ಎಡೆ

ಕೆಂಚಕ್ಕನ ವಿಷಯ ಬರೆಯಲು ಕೂತರೆ ನನಗೆ ಮೊದಲು ಬರುವುದು ಸಿಟ್ಟು, ಅಳು ಆಮೇಲೆ. ನಮ್ಮ ಮನೆಯವರ ಮೇಲೆ ಸಿಟ್ಟು, ಊರಿನವರ ಮೇಲೆ ಸಿಟ್ಟು, ಎಲ್ಲರಿಗಿಂತ ಹೆಚ್ಚಾಗಿ ನಾನು ಕಣ್ಣಿಂದ ಕಾಣದ ನಮ್ಮ ದೊಡ್ಡಪ್ಪ ಚಿಕ್ಕಬೀರಪ್ಪನ ಮೇಲೆ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅನ್ನುತ್ತಾರೆ. ಅನ್ನುವವರು ಅನ್ನಲಿ. ಕಡೂರು ಸೀಮೆಯ ಧೂಳಿನಲ್ಲಿ ಬಸ್ ಕಂಡಕ್ಟರ್ ಆಗಿ ಗಂಟಲು ಹರಿದುಕೊಂಡವನು ನಾನು, ಬಾಯಿಗೆ ಬೀಗ ಹಾಕಿಕೊಂಡು ಅಭ್ಯಾಸವಿಲ್ಲ.

ನಮ್ಮದು ಯಗಟಿ. ಕುರಿ, ರಾಗಿ ಹೊಲ, ಮನೆ ಹಿಂದೆ ತೆಂಗು. ನನ್ನ ಅಪ್ಪ ಈರಭದ್ರಪ್ಪ, ಅಪ್ಪನ ಒಡಹುಟ್ಟಿದ ಅಣ್ಣ ಈ ಚಿಕ್ಕಬೀರಪ್ಪ. ಮೊದಲನೇ ಜರ್ಮನಿ ಯುದ್ಧದ ಕಾಲದಲ್ಲಿ ದಂಡಿಗೆ ಜನ ಸೇರಿಸುವವರು ಬಂದರಂತೆ. ಕುರಿ ಕಾದವನಿಗೆ ದಂಡಿನ ಸಾಮಾನು ಹೊರುವ ಹೇಸರಗತ್ತೆ ಕಾಯುವುದೇನು ಮಹಾ ಅಂತ ದೊಡ್ಡಪ್ಪ ಹೆಬ್ಬೆಟ್ಟು ಒತ್ತಿ ಹೊರಟೇಬಿಟ್ಟ. ಬಸ್ರಾ ಅನ್ನುವ ಊರಿಗೆ ಹಡಗಿನಲ್ಲಿ ಕಳಿಸುತ್ತಾರೆ ಅನ್ನುವುದಷ್ಟೇ ಮನೆಗೆ ಗೊತ್ತಿದ್ದದ್ದು. ಹೆಂಡತಿ ದ್ಯಾಮಮ್ಮ ಆಗ ಬಸುರಿ. ಹೊರಡುವಾಗ ನಮ್ಮ ತಾತ ತಾನೇ ನೇಯ್ದ ಕರಿ ಕಂಬಳಿಯನ್ನು ಮಗನ ಹೆಗಲಿಗೆ ಹಾಕಿ ಕಳಿಸಿದ. ಅಲ್ಲಿಗೆ ಮುಗಿಯಿತು. ಆಮೇಲೆ ಕಾಗದವಿಲ್ಲ, ಸುದ್ದಿಯಿಲ್ಲ, ಸತ್ತ ಅಂತ ಹೇಳಿದವರಿಲ್ಲ, ಇದ್ದಾನೆ ಅಂತ ಹೇಳಿದವರೂ ಇಲ್ಲ.

ಅವನು ಹೋದ ಮೇಲೆ ಹುಟ್ಟಿದವಳು ಕೆಂಚಕ್ಕ. ದ್ಯಾಮಮ್ಮ ದೊಡ್ಡವ್ವ ಕುಂಕುಮ ಇಟ್ಟುಕೊಂಡೇ ಕಾದಳು. ಕೆರೆಯ ದಾರಿಯಲ್ಲಿ ಧೂಳೆದ್ದರೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳಂತೆ. ಅವಳು ಸತ್ತ ದಿನ ಹೆಂಗಸರು ಹೆಣದ ಸುತ್ತ ನಿಂತು ಜಗಳಕ್ಕೇ ಬಿದ್ದರು, ಇವಳು ಮುತ್ತೈದೆಯೋ ಅಲ್ಲವೋ ಅಂತ. ಕೊನೆಗೆ ತಾತ, "ನನ್ನ ಮಗ ಸತ್ತವ್ನೆ ಅಂತ ಯಾವ ಬೋಳಿಮಗ ಬಂದು ಹೇಳವ್ನೆ? ಬಳೆ ಇಡ್ರೇ ಅವಳ ಕೈಗೆ" ಅಂತ ಗದರಿದ ಮೇಲೆ ಹಸಿರು ಸೀರೆ, ಹಸಿರು ಬಳೆಯಲ್ಲಿ ಮಣ್ಣು ಮಾಡಿದರು.

ಕೆಂಚಕ್ಕನನ್ನು ಚೌಳಹಿರಿಯೂರಿಗೆ ಕೊಟ್ಟಿತ್ತು. ಗಂಡ ಬೇಗ ತೀರಿಕೊಂಡ. ಮಕ್ಕಳಿಲ್ಲ. ಆ ಮನೆಯವರು ಒಂದು ಗಂಟು ಕಟ್ಟಿ ಕೊಟ್ಟು ಗಾಡಿ ಹತ್ತಿಸಿ ಕಳಿಸಿದರು. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಅವಳು ನಮ್ಮ ಮನೆಯ ಹಿಂದಿನ ಪಡಸಾಲೆಯಲ್ಲಿ ಉಣ್ಣೆ ನೂಲುತ್ತ ಕೂತಿರುತ್ತಿದ್ದಳು. ತಾತನ ಮಗ್ಗದ ಕಂಬಳಿಗೆ ಒಂದು ಗುರುತಿತ್ತು. ಕರಿ ಕಂಬಳಿಯ ಒಂದು ಮೂಲೆಯಲ್ಲಿ ಮಾತ್ರ ಕಂದು ಉಣ್ಣೆಯ ಜೋಡಿ ಎಳೆ ಬರುತ್ತಿತ್ತು. ಸಂತೆಯಲ್ಲಿ ನಮ್ಮ ಕಂಬಳಿ ಗುರುತು ಹಿಡಿಯಲಿ ಅಂತ ತಾತ ಮಾಡಿಕೊಂಡದ್ದು. ಆ ಕಂದು ಎಳೆಯನ್ನು ನೂಲುವ ಕೆಲಸ ಕೆಂಚಕ್ಕನದು. ಅವಳನ್ನು ನಮ್ಮ ಮನೆಯಲ್ಲಿ ಯಾರೂ ಬೈಯುತ್ತಿರಲಿಲ್ಲ. ಊಟಕ್ಕೆ ಬಾ ಅಂತ ಕರೆಯುತ್ತಲೂ ಇರಲಿಲ್ಲ. ಎಲ್ಲರದೂ ಆದ ಮೇಲೆ ಎದ್ದು ಹೋಗಿ, ಉಳಿದದ್ದನ್ನು ಬಡಿಸಿಕೊಂಡು ತಿಂದು, ಮತ್ತೆ ಕದಿರಿನ ಮುಂದೆ ಬಂದು ಕೂರುತ್ತಿದ್ದಳು.

ಇಂಥ ಹೆಂಗಸು ವರ್ಷಕ್ಕೊಂದು ದಿನ ಮಾತ್ರ ಬಾಯಿ ತೆರೆದು ಜಗಳ ಆಡುತ್ತಿದ್ದಳು. ಅದು ಹಿರಿಯರ ಹಬ್ಬದ ದಿನ.

ಮಹಾಲಯ ಅಮಾವಾಸ್ಯೆಗೆ ನಮ್ಮಲ್ಲಿ ಸತ್ತವರಿಗೆ ಎಡೆ ಇಡುತ್ತೇವೆ. ಗೋಡೆ ಪಕ್ಕದಲ್ಲಿ ಸಾಲಾಗಿ ಬಾಳೆ ಎಲೆ ಹಾಕಿ, ಒಬ್ಬೊಬ್ಬರ ಹೆಸರು ಹೇಳಿ ಬಡಿಸುವುದು. ಮುದ್ದೆ, ಬಾಡಿನ ಸಾರು, ವಡೆ, ತಾತನಿಗೆ ಬೀಡಿ, ಅಜ್ಜಿಗೆ ಹೊಗೆಸೊಪ್ಪು. ಸಾಲು ಮುಗಿಯುವ ಹೊತ್ತಿಗೆ ಕೆಂಚಕ್ಕ ಒಂದು ಎಲೆಯನ್ನು ತೊಳೆದು ಹಿಡಿದುಕೊಂಡು ಬಂದು ನಿಲ್ಲುವಳು.

"ಚಿಕ್ಕಪ್ಪ, ನಮ್ಮಪ್ಪಂಗೂ ಒಂದು ಹಾಕು."

"ಏನೇ ನಿಂದು ವರ್ಷಾ ವರ್ಷಾ ಇದೇ ರಾಗ!" ಅಂತ ಅಪ್ಪ ರೇಗುತ್ತಿದ್ದ. "ಹೆಣ ಕಂಡೋರಿಲ್ಲ, ಮಣ್ಣು ಕೊಟ್ಟೋರಿಲ್ಲ. ಎಲ್ಲೋ ಬದುಕಿದ್ರೆ? ಬದುಕಿರೋನಿಗೆ ಎಡೆ ಇಟ್ರೆ ಆಯಸ್ಸು ಹೋಗ್ತದೆ ಕಣೇ. ನಾವೇ ಕೊಂದಂಗೆ."

"ಬದುಕಿದ್ರೆ ಬತ್ತಿರ್ಲಿಲ್ವಾ?"

"ಅದನ್ನ ನಿಮ್ಮಪ್ಪನ್ನೇ ಕೇಳು."

ಅವಳು ಆ ಎಲೆಯನ್ನು ಮಡಿಸಿ ಕೊಟ್ಟಿಗೆಗೆ ಹೋಗಿ ಎಮ್ಮೆಗೆ ಹಾಕುತ್ತಿದ್ದಳು. ಆ ದಿನ ಊಟ ಮಾಡುತ್ತಿರಲಿಲ್ಲ. ಯಾರೂ ಕೇಳುತ್ತಲೂ ಇರಲಿಲ್ಲ.

ಹೀಗೇ ನಡೆದುಹೋಗುತ್ತಿತ್ತೋ ಏನೋ, ಐವತ್ತೇಳನೇ ಇಸವಿಯ ಸುಗ್ಗಿ ಮುಗಿದ ಮೇಲೆ ಹೆಳವಪ್ಪ ಬರದಿದ್ದರೆ.

ಹೆಳವರು ಅಂದರೆ ನಮ್ಮ ವಂಶ ಹೇಳುವವರು. ಎತ್ತಿನ ಮೇಲೆ ಕೂತು, ಗಂಟೆ ಬಾರಿಸಿಕೊಂಡು, ಕೆಲವು ವರ್ಷಕ್ಕೊಮ್ಮೆ ಬರುತ್ತಾರೆ. ಬಾಗಿಲಲ್ಲಿ ನಿಂತು ನಮ್ಮ ಮೂಲಪುರುಷನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ಯಾರು ಯಾರ ಮಗ, ಎಲ್ಲಿಂದ ಬಂದ, ಯಾವ ಹೊಲದಲ್ಲಿ ಮಣ್ಣಾದ, ಎಲ್ಲವೂ ಅವರ ಬಾಯಲ್ಲೇ. ಸರ್ಕಾರದ ಕಛೇರಿಯಲ್ಲಿ ನಮ್ಮ ಹೊಲದ ಖಾತೆ ಇರಬಹುದು, ನಮ್ಮ ಖಾತೆ ಇರುವುದು ಹೆಳವರ ನಾಲಗೆ ಮೇಲೆ. ಅವರಿಗೆ ಒಂದು ಮೊರ ರಾಗಿ, ಒಂದು ಕಂಬಳಿ ಕೊಟ್ಟು ಕಳಿಸುವುದು ಪದ್ಧತಿ.

ಆ ಸಲ ಬಂದ ಹೆಳವಪ್ಪ ಹಣ್ಣು ಮುದುಕ. ಎತ್ತಿನಿಂದ ಇಳಿಯಲು ಮಗ ಕೈ ಕೊಡಬೇಕಿತ್ತು. ದನಿ ಮಾತ್ರ ಇನ್ನೂ ಗಟ್ಟಿ.

"ದೊಡ್ಡಬೀರಪ್ಪನ ಮಗ ಕರಿಯಪ್ಪ, ಕೆರೆ ಹಿಂದಲ ಹೊಲದಾಗೆ ಮಣ್ಣಾದ. ಕರಿಯಪ್ಪನ ಮಗ ಮಗ್ಗದ ಬೀರಪ್ಪ, ಹುಣಸೆಮರದ ಕೆಳಗೆ ಮಣ್ಣಾದ. ಮಗ್ಗದ ಬೀರಪ್ಪನ ಮಕ್ಕಳು ಇಬ್ಬರು. ಹಿರಿಯವ ಚಿಕ್ಕಬೀರಪ್ಪ, ದಂಡಿಗೆ ಹೋದ. ಕಿರಿಯವ ಈರಭದ್ರಪ್ಪ, ಅವನ ಮಕ್ಕಳು..."

"ನಿಲ್ಸಪ್ಪಾ," ಅಂದಳು ಕೆಂಚಕ್ಕ.

ಹೆಳವ ಹೇಳುವಾಗ ನಡುವೆ ಬಾಯಿ ಹಾಕುವುದುಂಟೇ! ಅಪ್ಪ ಕಣ್ಣು ಕೆಂಪಗೆ ಮಾಡಿದ. ಅವಳು ಅತ್ತ ನೋಡಲಿಲ್ಲ.

"ದಂಡಿಗೆ ಹೋದ, ಆಮೇಲೆ? ಎಲ್ಲರಿಗೂ ಮಣ್ಣಾದ ಜಾಗ ಹೇಳ್ತೀಯ. ನಮ್ಮಪ್ಪಂಗೆ ಯಾಕೆ ಅಲ್ಲಿಗೇ ಬಿಟ್ಟುಬಿಡ್ತೀಯ?"

ಮುದುಕ ಅವಳ ಮುಖವನ್ನೇ ನೋಡಿದ. "ನೀವು ಹೇಳಿದ್ದನ್ನ ತಾನೇ ತಾಯಿ ನಾವು ಹೇಳೋದು? ನೀವು ತುದಿ ಹೇಳ್ಲಿಲ್ಲ, ನಾನು ಸೇರಿಸ್ಲಿಲ್ಲ. ಇನ್ನೊಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ನಂಗೆ ವಯಸ್ಸಾಯ್ತು. ಇನ್ನೊಂದು ಸುತ್ತು ಬಂದ್ರೆ ಹೆಚ್ಚು. ಆಮೇಲೆ ಹೇಳೋನು ನನ್ನ ಮಗ. ತುದಿಯಿಲ್ಲದ ಹೆಸರು, ಗಂಡು ಕುಡಿಯಿಲ್ಲದ ಹೆಸರು ಅವನ ಬಾಯಾಗೆ ನಿಲ್ಲಾಕಿಲ್ಲ. ಬಿದ್ದುಹೋಯ್ತದೆ."

"ತುದಿ ತಂದುಕೊಟ್ರೆ?"

"ನಾನು ಮುಂದಿನ ಸುತ್ತು ಬರೋದ್ರೊಳಗೆ ತಂದ್ಕೊಡು. ಶಿವನಾಣೆ ಸೇರಿಸ್ತೀನಿ."

ಮಾರನೆಯ ದಿನ ಬೆಳಗ್ಗೆ ನಾನು ಬಸ್ಸಿಗೆ ಹೊರಟಾಗ ಕೆಂಚಕ್ಕ ಸೀರೆ ಬದಲಾಯಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ಷಣ್ಮುಖ, ನನ್ನ ಕಡೂರಿಗೆ ಕರ್ಕೊಂಡು ಹೋಗೋ" ಅಂದಳು. ಅದುವರೆಗೆ ಅವಳು ನನ್ನನ್ನು ಏನನ್ನೂ ಕೇಳಿದವಳಲ್ಲ. ಇಲ್ಲ ಅನ್ನಲು ನಾಲಗೆ ಏಳಲಿಲ್ಲ.

ಕಡೂರಿನ ಕಛೇರಿಯಲ್ಲಿ ಗುಮಾಸ್ತರು ಪಾಪ ಒಳ್ಳೆಯವರೇ. ದಂಡಿನ ಕಾಗದ ಇಲ್ಲಿ ಇರುವುದಿಲ್ಲಮ್ಮ, ಅವೆಲ್ಲ ದಂಡಿನವರ ಹತ್ತಿರ, ಯಾವ ಪಡೆ, ಯಾವ ನಂಬರು ಅಂತ ಗೊತ್ತಿದ್ದರೆ ಬರೆದು ಕೇಳಬಹುದು ಅಂದರು. ನಂಬರು! ಹುಟ್ಟಿದಾಗಿಂದ ಅಪ್ಪನ ಮುಖ ಕಾಣದವಳಿಗೆ ಅಪ್ಪನ ನಂಬರು ಎಲ್ಲಿಂದ ಗೊತ್ತಿರಬೇಕು? ನಾನು ಜೋರು ಮಾಡಲು ಹೋದೆ, ಅವಳು ನನ್ನ ತೋಳು ಹಿಡಿದು ಎಳೆದಳು. ಆ ಗುಮಾಸ್ತರೇ ಬಾಗಿಲವರೆಗೆ ಬಂದು, "ತರೀಕೆರೆಯಲ್ಲಿ ಷಡಕ್ಷರಪ್ಪ ಅಂತ ಒಬ್ಬರಿದ್ದಾರೆ. ಆ ಯುದ್ಧಕ್ಕೆ ಹೋಗಿ ಬಂದವರು, ಪಿಂಚಣಿ ತಗೋತಾರೆ. ಅವರನ್ನ ಕೇಳಿ" ಅಂದರು.

ನನಗೆ ರಜ ಸಿಗಲು ವಾರಗಳೇ ಹಿಡಿದವು. ಷಡಕ್ಷರಪ್ಪ ಜಗಲಿ ಮೇಲೆ ಬಿಸಿಲು ಕಾಯಿಸುತ್ತ ಕೂತಿದ್ದರು, ಹುರಿ ಮೀಸೆಯ ಮುದುಕರು. ಯಗಟಿಯ ಚಿಕ್ಕಬೀರಪ್ಪ ಅನ್ನುತ್ತಲೇ ಎದ್ದು ಕೂತರು.

"ಬೀರನ ಮಗಳಾ ನೀನು? ಅವನ ಮೂಗೇ ಬಂದೈತಲ್ಲವ್ವಾ! ಬಸ್ರಾದಾಗೆ ಒಂದೇ ಡೇರೆ ನಮ್ಮದು. ಹೇಸರಗತ್ತೆ ಒದ್ದು ಅವನ ಮಂಡಿ ಚಿಪ್ಪು ಹೋಯ್ತು, ನಂಗೆ ಜ್ವರ. ಇಬ್ರನ್ನೂ ಒಟ್ಟಿಗೇ ವಾಪಸ್ ಕಳಿಸಿದ್ರು. ಹೆಂಗವ್ನೆ ಈಗ?"

ಕೆಂಚಕ್ಕ ಅವರ ಬಾಯನ್ನೇ ನೋಡುತ್ತಿದ್ದಳು. ನಾನೇ ಕೇಳಿದೆ, "ಯಜಮಾನ್ರೆ, ಒಟ್ಟಿಗೆ ಬಂದ್ರಾ? ಎಲ್ಲೀವರ್ಗೂ?"

"ಬೀರೂರಿನವರ್ಗೂ. ಬೀರೂರು ಸ್ಟೇಷನ್ನಾಗೆ ಇಳಿದ್ವಿ. ನಾನು ತರೀಕೆರೆ ಗಾಡಿಗೆ ಕಾಯ್ತಾ ಕೂತೆ, ಅವನು ಕುಂಟ್ಕೊಂಡು ಯಗಟಿಗೆ ಹೊರಟ. ಆ ಹಾಳು ಜ್ವರದ ವರ್ಷ ಕಣಪ್ಪ, ಮನೆಮನೇಲೂ ಹೆಣ ಬಿದ್ದ ವರ್ಷ. ಯಾಕೆ, ಮನೆಗೆ ಬರ್ಲಿಲ್ವಾ ಅವನು?"

ಕೆಂಚಕ್ಕ ಇಲ್ಲ ಅಂತ ತಲೆಯಾಡಿಸಿದಳು. ಷಡಕ್ಷರಪ್ಪನವರು ಮೀಸೆ ಸವರಿಕೊಂಡು ಮೆಲ್ಲಗೆ ಅಂದರು: "ಹಂಗಾದ್ರೆ ನಾನು ಕಂಡಿದ್ದು ಅವನನ್ನೇ. ಅದಾದ ನಾಲ್ಕೈದು ವರ್ಷಕ್ಕೆ ಅಜ್ಜಂಪುರದ ಸ್ಟೇಷನ್ ಹತ್ರ ಒಬ್ಬ ಕುಂಟ್ತಾ ಹೋಗ್ತಿದ್ದ. 'ಲೇ ಬೀರಾ' ಅಂದೆ. ನಿಂತ. ಆದ್ರೆ ತಿರುಗಿ ನೋಡ್ಲಿಲ್ಲ, ಹಂಗೇ ಹೋಗ್ಬಿಟ್ಟ."

ತರೀಕೆರೆ ಬಸ್ ನಿಲ್ದಾಣದಲ್ಲಿ ಕಾಫಿ ತಂದುಕೊಟ್ಟೆ. ಅವಳು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದಳು, ಕುಡಿಯಲಿಲ್ಲ. "ನಮ್ಮಪ್ಪ ಬಂದಿದ್ನಂತೆ ಕಣೋ" ಅಂದಳು. ಲೋಟ ಕೆಳಗಿಟ್ಟು, "ಬಂದು ಎಲ್ಲಿ ಹೋದ?"

ನನ್ನ ಬಾಯಿಗೆ ಬಂದದ್ದನ್ನು ಹೇಳಬಾರದಿತ್ತು, ಹೇಳಿಬಿಟ್ಟೆ. "ಎಲ್ಲಿ ಹೋದ ಅಂದ್ರೆ? ಇನ್ನೊಬ್ಬಳು ಸಿಕ್ಕಿರ್ತಾಳೆ. ಗಂಡಸು ಊರಿಗೆ ಬಂದು ಮನೆಗೆ ಬರ್ಲಿಲ್ಲ ಅಂದ್ರೆ ಇನ್ನೇನು ಕಣಕ್ಕ!"

ಅವಳು ಎದ್ದು ಬಸ್ಸಿನ ಕಡೆ ನಡೆದಳು. ಅಜ್ಜಂಪುರಕ್ಕೆ ಹೋಗೋಣ ಅಂತ ಅನ್ನಲೇ ಇಲ್ಲ. ಆ ವರ್ಷ ಕಳೆಯಿತು, ಅದರ ಮುಂದಿನ ವರ್ಷವೂ ಕಳೆಯಿತು. ಹಿರಿಯರ ಹಬ್ಬಕ್ಕೆ ಎಲೆ ಹಿಡಿದು ಬರುವುದನ್ನೂ ಬಿಟ್ಟಳು. ಮನೆಯಲ್ಲಿ ಎಲ್ಲರಿಗೂ ನೆಮ್ಮದಿಯಾಯಿತು. ನನಗೆ ಮಾತ್ರ ಅವಳನ್ನು ನೋಡಲು ಆಗುತ್ತಿರಲಿಲ್ಲ. ಮೊದಲು ಅವಳಿಗೆ ಅಪ್ಪನೊಬ್ಬ ಇಲ್ಲದಿದ್ದರೂ ಅವನಿಗಾಗಿ ಎಲೆ ಹಿಡಿದು ಜಗಳ ಆಡುವುದು ಅಂತ ಒಂದಿತ್ತು. ಈಗ ಅದೂ ಇಲ್ಲ. ಅಜ್ಜಂಪುರದಲ್ಲಿ ತನ್ನ ಮೂಗೇ ಇರುವ ಇನ್ನೊಂದು ಸಂಸಾರ ಇದ್ದರೆ, ಆ ಮಕ್ಕಳ ಮುಂದೆ ನಿಂತು ನಾನ್ಯಾರು ಅಂತ ಹೇಳಿಕೊಳ್ಳಲಿ? ಇದನ್ನು ಅವಳು ಬಾಯಿಬಿಟ್ಟು ಹೇಳಿದ್ದು ಬಹಳ ದಿನದ ಮೇಲೆ.

ಹೆಳವಪ್ಪನ ಸುತ್ತು ಹತ್ತಿರ ಬಂತು. ಹೊಸದುರ್ಗದ ಕಡೆ ಬಂದಿದ್ದಾನಂತೆ ಅಂತ ಬಸ್ಸಿನಲ್ಲಿ ಯಾರೋ ಅಂದದ್ದನ್ನು ನಾನು ಮನೆಯಲ್ಲಿ ಹೇಳಿದೆ. ಕೆಂಚಕ್ಕ ಕದಿರು ಕೆಳಗಿಟ್ಟಳು.

"ಆದದ್ದಾಗ್ಲಿ. ನಡೀ, ನೋಡ್ಕೊಂಡೇ ಬರೋಣ" ಅಂದಳು.

ನಮ್ಮ ಕಡೆಯವರಿಗೆ ಬೀರೂರು ಸಂತೆ, ಕಡೂರು ಕಛೇರಿ ಬಿಟ್ಟರೆ ಅಜ್ಜಂಪುರದಲ್ಲಿ ಕೆಲಸವಿಲ್ಲ. ಬೀರೂರಿನಲ್ಲಿ ರೈಲು ಹತ್ತಿ ಅಜ್ಜಂಪುರದಲ್ಲಿ ಇಳಿದೆವು. ಸ್ಟೇಷನ್ನಿನ ಎದುರು ಎಲೆ ಅಡಿಕೆ ಮಾರುವವನನ್ನು, ಕುಂಟುಕಾಲಿನ ಕುರುಬರವನೊಬ್ಬ ಇದ್ದನಾ, ಕುದುರೆ ಹೇಸರಗತ್ತೆ ಬಲ್ಲವನು ಅಂತ ಕೇಳಿದೆ. ಅವನು ಯೋಚನೆಯನ್ನೂ ಮಾಡಲಿಲ್ಲ. "ಮಂಡಿ ಸಾಹುಕಾರ್ ಬಸವರಾಜಪ್ಪನೋರ ಮನೆ ಬೀರಣ್ಣ. ಅವನು ಸತ್ತು ಆರೇಳು ವರ್ಷ ಆಯ್ತಲ್ಲಾ" ಅಂದ.

ಕೆಂಚಕ್ಕ ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟಳು. ನಾವು ತರೀಕೆರೆಗೆ ಹೋದಾಗಲೂ ಅವನು ಸತ್ತೇ ಇದ್ದ. ಆದರೆ ಅದಕ್ಕೆ ಮುಂಚೆ ಅಷ್ಟೂ ವರ್ಷ, ನಾನು ಹುಟ್ಟಿ ಬೆಳೆದು ಬಸ್ಸು ಹತ್ತುವವರೆಗೆ, ಆ ಮನುಷ್ಯ ಒಂದು ರೈಲಿನ ದೂರದಲ್ಲಿ ಇದ್ದ. ನನಗೆ ಮೈಯೆಲ್ಲ ಉರಿದುಹೋಯಿತು.

ಬಸವರಾಜಪ್ಪನವರೂ ತೀರಿಕೊಂಡಿದ್ದರು. ಅವರ ಹೆಂಡತಿ ಕಾಶಮ್ಮನವರಿದ್ದರು, ಹಣೆ ತುಂಬ ವಿಭೂತಿ ಧರಿಸಿದ ದೊಡ್ಡ ಜೀವ. ನಮ್ಮನ್ನು ಕೂರಿಸಿ, ಬೆಲ್ಲ ನೀರು ಕೊಟ್ಟು, ಆಮೇಲೆ ಏನು ಬಂದಿರಿ ಅಂತ ಕೇಳಿದರು. ನಾನು ಯಾವ ಪೀಠಿಕೆಯೂ ಇಲ್ಲದೆ ಕೇಳಿಬಿಟ್ಟೆ:

"ಅಮ್ಮಾವ್ರೆ, ಬೀರಣ್ಣನ ಹೆಂಡ್ತಿ ಮಕ್ಕಳು ಎಲ್ಲವ್ರೆ?"

"ಅಯ್ಯೋ, ಅವನಿಗೆಲ್ಲಪ್ಪಾ ಹೆಂಡ್ತಿ ಮಕ್ಕಳು! ಒಂಟಿ ಜೀವ. ಹೆಂಡ್ತಿ, ಕೂಸು, ಮನೆಮಂದಿಯೆಲ್ಲ ಜ್ವರದಾಗೆ ಹೋಗ್ಬಿಟ್ರಂತೆ. ನಮ್ಮ ಯಜಮಾನ್ರು ಅವನನ್ನ ಸ್ಟೇಷನ್ ಹತ್ರ ಕಂಡಾಗ ಊಟ ಬಿಟ್ಟು ಎಷ್ಟು ದಿನ ಆಗಿತ್ತೋ. ಕರ್ಕೊಂಡು ಬಂದು ಕುದುರೆ ನೋಡ್ಕೋ ಅಂದ್ರು. ಸಾಯೋವರ್ಗೂ ಆ ಕೊಟ್ಟಿಗೇಲೇ ಇದ್ದ."

"ಹೋಗ್ಬಿಟ್ರು ಅಂತ ಯಾರು ಹೇಳಿದ್ರು ಅವನಿಗೆ?"

"ಯಾರೂ ಹೇಳ್ಲಿಲ್ವಂತೆ. ಒಂದೇ ಸಲ ಬಾಯಿ ಬಿಟ್ಟಿದ್ದು ಅವನು. ಬೀರೂರಿಂದ ನಡ್ಕೊಂಡು ಹೋಗ್ತಾ ಇದ್ರೆ ದಾರೀಲಿ ಊರೂರೂ ಬಿಕೋ ಅಂತಿತ್ತಂತೆ. ಮಂದಿ ಸತ್ತ ಮನೆಗಳ ಬಾಗಿಲಿಗೆಲ್ಲ ಜಾಲಿ ಮುಳ್ಳು ಎಳೆದಿದ್ರಂತೆ. ಇವನು ತನ್ನ ಬೀದಿಗೆ ಬಂದು ನೋಡ್ತಾನೆ, ಇವನ ಮನೆ ಬಾಗಿಲಿಗೂ ಮುಳ್ಳು. ಒಂದು ಸಲ ಕೂಗಿದ್ನಂತೆ. ಯಾರೂ ಓ ಅನ್ಲಿಲ್ಲ. ಎದುರುಮನೆ ಜಗಲಿ ಮೇಲೆ ಒಂದು ಮುದುಕಿ ಕೂತಿತ್ತಂತೆ. 'ಅವಳನ್ನ ಕೇಳ್ಬೋದಿತ್ತಲ್ಲೋ ಬೀರಾ' ಅಂದೆ ನಾನು. 'ಕೇಳೋಕೆ ಧೈರ್ಯ ಬರ್ಲಿಲ್ಲವ್ವ, ಅವಳು ಬಾಯಿ ತೆಗೆಯೋಕೆ ಮುಂಚೆ ತಿರುಗಿಬಿಟ್ಟೆ' ಅಂದ."

ಗುಂಡಿನ ನಡುವೆ ಹೇಸರಗತ್ತೆ ಹೊಡೆದುಕೊಂಡು ಹೋದವನಿಗೆ ಒಬ್ಬ ಮುದುಕಿಯನ್ನು ಒಂದು ಮಾತು ಕೇಳಲು ಧೈರ್ಯ ಬರಲಿಲ್ಲ! ನನಗೆ ಇವತ್ತಿಗೂ ಸಿಟ್ಟು ಬರುವುದು ಇದಕ್ಕೇ.

ಕಾಶಮ್ಮನವರು ಒಳಗೆ ಹೋಗಿ ಒಂದು ಹಳೇ ಕಂಬಳಿ ತಂದರು. "ಇದೊಂದನ್ನ ಸುಡಬೇಡಿ ಅಂದಿದ್ದ. ಇಟ್ಟಿದ್ದೀನಿ."

ಕೆಂಚಕ್ಕ ಅದನ್ನು ಬಿಡಿಸಲಿಲ್ಲ. ಮಡಿಕೆಯಲ್ಲೇ ಒಂದೊಂದಾಗಿ ಮೂಲೆ ತಡವಿ ನೋಡುತ್ತ ಹೋದಳು. ಒಂದು ಮೂಲೆಯಲ್ಲಿ ಬೆರಳು ನಿಂತಿತು. ಕಂದು ಉಣ್ಣೆಯ ಜೋಡಿ ಎಳೆ.

"ಇವನೇ ಕಣೋ" ಅಂದಳು ನನಗೆ. ಆಮೇಲೆ ಕಾಶಮ್ಮನವರ ಕಡೆ ತಿರುಗಿ, "ನಾನು ಅವನ ಮಗಳು. ನಾವ್ಯಾರೂ ಸತ್ತಿರ್ಲಿಲ್ಲ ತಾಯಿ" ಅಂದಳು.

ಕಾಶಮ್ಮನವರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಅವರ ಕಣ್ಣಲ್ಲಿ ನೀರಿಗಿಂತ ಮೊದಲು ಬಂದದ್ದು ಭಯ. "ಶಿವಶಿವಾ! ಅವನು... ಅವನು ನಿಂಗೆ ವರ್ಷಾ ವರ್ಷಾ ಎಡೆ ಇಡ್ತಿದ್ನಲ್ಲೇ ಮಗಳೇ!"

"ಏನಂದ್ರಿ?"

"ಹಿರಿಯರ ಅಮಾವಾಸ್ಯೆಗೆ ಕೊಟ್ಟಿಗೇಲಿ ಎರಡು ಎಲೆ ಹಾಕೋನು. ನಮ್ಮಲ್ಲಿ ಬಾಡು ಬೇಯಿಸೋ ಹಂಗಿಲ್ಲ, ನಾನು ಕೊಟ್ಟ ಹೋಳಿಗೆ, ಪಾಯಸಾನೇ ಬಡಿಸೋನು. ದೊಡ್ಡ ಎಲೆ ಹೆಂಡ್ತಿಗೆ. ಇನ್ನೊಂದು ಇಷ್ಟೇ ಇಷ್ಟು ಚಿಕ್ಕ ಎಲೆ. ಅದಕ್ಕೆ ಒಂದು ಚೂರು ಬೆಲ್ಲ, ಒಂದು ಲೋಟ ಹಾಲು, ಅಷ್ಟೇ. ಗಂಡೋ ಹೆಣ್ಣೋ ಗೊತ್ತಿಲ್ಲ, ಹಲ್ಲು ಬಂದಿತ್ತೋ ಇಲ್ವೋ ಗೊತ್ತಿಲ್ಲ, ಏನು ಇಡಲವ್ವ ಅಂತಿದ್ದ. ಬದುಕಿರೋ ಕೂಸಿಗೆ ಎಡೆ ಇಟ್ಟುಬಿಟ್ನಲ್ಲೇ! ಎಂಥ ಕೆಲಸ ಆಗೋಯ್ತು!"

ನಾನು ಕೆಂಚಕ್ಕನ ಮುಖ ನೋಡಿದೆ. ಬಿದ್ದುಬಿಡುತ್ತಾಳೆ ಅಂದುಕೊಂಡಿದ್ದೆ. ಅವಳು ಕಂಬಳಿಯನ್ನು ಎದೆಗೆ ಅವುಚಿಕೊಂಡು ಅಳುತ್ತಿದ್ದಳು. ಅಳುವಿನ ನಡುವೆ ಮುಖ ಮಾತ್ರ ಅರಳಿತ್ತು. ಅಂಥ ಮುಖವನ್ನು ನಮ್ಮ ಮನೆಯಲ್ಲಿ ಒಂದು ದಿನವೂ ನಾನು ಕಂಡಿರಲಿಲ್ಲ.

"ಆಯಸ್ಸು ಹೋದ್ರೆ ಹೋಗ್ಲಿ ಬಿಡಿ ಅಮ್ಮಾವ್ರೆ" ಅಂದಳು. "ಈ ಭೂಮಿ ಮೇಲೆ ಕೆಂಚಿಗೆ ಅಂತ ಒಂದು ಎಲೆ ಹಾಕಿದೋನು ನಮ್ಮಪ್ಪ ಒಬ್ನೇ."

ಆ ಮಾತು ನನಗೆ ಹೇಳಿದ್ದಲ್ಲ. ಆದರೂ ನನ್ನ ತಲೆ ತಾನಾಗಿ ಬಗ್ಗಿತು. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದು, ಊಟ ಆಯ್ತಾ ಅಕ್ಕ ಅಂತ ಕೇಳಿದವರು ನಮ್ಮಲ್ಲಿ ಯಾರು?

ಬಸವರಾಜಪ್ಪನವರು ಅವನಿಗೆ ತಮ್ಮ ತೋಟದ ಬದುವಿನಲ್ಲೇ ಮಣ್ಣು ಕೊಡಿಸಿದ್ದರು. ಬೇವಿನ ಗಿಡದ ಬುಡದಲ್ಲಿ ಒಂದು ಕಲ್ಲು. ಕೆಂಚಕ್ಕ ಅಲ್ಲಿ ಕೂತು ಬಹಳ ಹೊತ್ತು ಏನೇನೋ ಹೇಳಿಕೊಂಡಳು. ನಾನು ದೂರ ನಿಂತಿದ್ದೆ. "ಅವ್ವ ಮುತ್ತೈದೆಯಾಗೇ ಹೋದ್ಲು ಕಣಪ್ಪ, ಅದೊಂದು ಸುಳ್ಳಾಗ್ಲಿಲ್ಲ" ಅಂದದ್ದು ಮಾತ್ರ ಕೇಳಿಸಿತು. ಏಳುವಾಗ ಒಂದು ಹಿಡಿ ಮಣ್ಣನ್ನು ಸೆರಗಿಗೆ ಕಟ್ಟಿಕೊಂಡಳು.

ಮನೆಗೆ ಬಂದು ಅಪ್ಪನ ಮುಂದೆ ಎಲ್ಲ ಹೇಳಿದೆ. ಸಿಟ್ಟಿನಲ್ಲೇ ಹೇಳಿದೆ. ಮುಳ್ಳಿನ ಮಾತು ಬರುತ್ತಲೇ ಅಪ್ಪನ ಕೈಯಲ್ಲಿದ್ದ ಬೀಡಿ ಕೆಳಗೆ ಬಿತ್ತು.

"ಅದು ಸತ್ತೋರ ಮನೆ ಮುಳ್ಳಲ್ಲ ಕಣೋ" ಅಂದ. "ನಮ್ಮವ್ವ ತೀರ್ಕೊಂಡಿದ್ಲು, ಒಬ್ಳೇ. ನಕ್ಷತ್ರ ಸರಿಯಿಲ್ಲ, ಮನೆ ಬಿಡಬೇಕು ಅಂದ್ರು. ಬಾಗಿಲಿಗೆ ಮುಳ್ಳು ಹಾಕಿ ನಾವೆಲ್ಲ ಕೆರೆ ಹಿಂದಲ ಹೊಲದಾಗೆ ಗುಡ್ಲು ಹಾಕ್ಕೊಂಡಿದ್ವಿ. ಅತ್ತಿಗೆ, ಈ ಕೂಸು, ಎಲ್ರೂ ಅಲ್ಲೇ. ಕೂಗಳತೆ ದೂರ... ಮುಳ್ಳು ಎಳೆದೋನು ನಾನೇ."

ನಮ್ಮಲ್ಲಿ ಕೆಟ್ಟ ನಕ್ಷತ್ರದಲ್ಲಿ ಸಾವಾದರೆ ತಿಂಗಳುಗಟ್ಟಲೆ ಮನೆ ಮುಚ್ಚಿ ಬಾಗಿಲಿಗೆ ಮುಳ್ಳು ಹಾಕುವ ಪದ್ಧತಿ ದೊಡ್ಡಪ್ಪನಿಗೆ ಗೊತ್ತಿಲ್ಲದ್ದೇನಲ್ಲ. ಬೇರೆ ವರ್ಷವಾಗಿದ್ದರೆ ಅದೇ ನೆನಪಾಗುತ್ತಿತ್ತು. ಆ ಜ್ವರದ ವರ್ಷ, ಆ ದಾರಿಯಲ್ಲಿ ಬಂದವನಿಗೆ ಅದು ನೆನಪಾಗಲಿಲ್ಲ. ಅಪ್ಪ ಎದ್ದು ಹೊರಗೆ ಹೋಗಿ ಕುರಿದೊಡ್ಡಿಯ ಹತ್ತಿರ ನಿಂತ. ಕೆಂಚಕ್ಕ ಅವನ ಹಿಂದೆಯೇ ಹೋಗಿ, "ನೀನೇನು ಮಾಡ್ತೀಯ ಚಿಕ್ಕಪ್ಪ, ಹಣೇಬರ" ಅಂದಳು. ಅವನು ಅವಳ ಕಡೆ ತಿರುಗಲೇ ಇಲ್ಲ.

ಹೆಳವಪ್ಪ ಬಂದ. ಕೆಂಚಕ್ಕ ಅವನ ಎದುರು ಕೂತು ತುದಿ ಹೇಳಿದಳು. ಅಪ್ಪ ಮನೆತನದ ಮಾನ ನೆನೆದು, "ಮುಳ್ಳಿನ ವಿಚಾರ ಯಾಕೆ, ದಂಡಿನಾಗೆ ಸತ್ತ ಅಂದ್ಬಿಡಿ" ಅಂದ. ಅವಳು ಒಪ್ಪಲಿಲ್ಲ. ಮುದುಕ ಕಣ್ಣು ಮುಚ್ಚಿ ಒಂದೆರಡು ಸಲ ತುಟಿಯಲ್ಲೇ ಹೇಳಿಕೊಂಡು, ಆಮೇಲೆ ಗಂಟೆ ಬಾರಿಸಿ ದನಿ ಎತ್ತಿದ:

"ಹಿರಿಯವ ಚಿಕ್ಕಬೀರಪ್ಪ, ದಂಡಿಗೆ ಹೋದ, ತಿರುಗಿ ಬಂದ, ಬಾಗಿಲಾಗೆ ಮುಳ್ಳು ಕಂಡು ಹಿಂದಕ್ಕೆ ಹೋದ. ಅಜ್ಜಂಪುರದ ತೋಟದ ಬದುವಿನಾಗೆ ಮಣ್ಣಾದ. ಚಿಕ್ಕಬೀರಪ್ಪನ ಮಗಳು ಕೆಂಚಮ್ಮ."

ಹೆಣ್ಣಿನ ಹೆಸರು ಹುಟ್ಟಿದ ಮನೆಯ ಸಾಲಿನಲ್ಲಿ ಬರುವುದಿಲ್ಲ. ಮುದುಕನ ಮಗ ಏನೋ ಹೇಳಲು ಬಾಯಿ ತೆರೆದ. "ಸುಮ್ಕಿರಲಾ, ತುದಿ ತಂದುಕೊಟ್ಟೋಳು ಅವಳು" ಅಂತ ಮುದುಕ ಗದರಿದ. ಕೆಂಚಕ್ಕ ತಾನೇ ನೇಯಿಸಿದ ಕಂಬಳಿ ಅವನಿಗೆ ಹೊದಿಸಿದಳು. ಆ ವರ್ಷದ ಹಿರಿಯರ ಹಬ್ಬಕ್ಕೆ ದೊಡ್ಡಪ್ಪನ ಎಲೆ ಬಿತ್ತು. ಹಾಕಿದವನು ನಮ್ಮಪ್ಪ. ಅವತ್ತಿನಿಂದ ಮನೆಯಲ್ಲಿ ಕೆಂಚಕ್ಕನನ್ನು ಊಟಕ್ಕೆ ಕರೆಯುವುದೂ ಶುರುವಾಯಿತು. ಅವಳು ಬಂದು ಕೂರುತ್ತಿದ್ದಳು, ಆದರೆ ಕೂತ ಜಾಗ ತನ್ನದಲ್ಲ ಅನ್ನುವ ಹಾಗೆ ಬೇಗ ಎದ್ದುಬಿಡುತ್ತಿದ್ದಳು. ಒಬ್ಬಳೇ ಉಂಡು ಅಭ್ಯಾಸವಾದವಳಿಗೆ ಪಂಕ್ತಿ ಒಗ್ಗುವುದಿಲ್ಲ.

ಅರವತ್ತಾರನೇ ಇಸವಿಯ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅವಳು ಕದಿರು ಹಿಡಿದುಕೊಂಡೇ ಗೋಡೆಗೆ ಒರಗಿದ್ದಳು. ನನ್ನ ಹೆಂಡತಿ ಕಾಫಿಗೆ ಕರೆಯಲು ಹೋದಾಗ ಮೈ ತಣ್ಣಗಾಗಿತ್ತು. ಅಜ್ಜಂಪುರದ ಆ ಕಂಬಳಿ ಹೊದಿಸಿ, ಅವಳು ಅಲ್ಲಿಂದ ತಂದು ಗಂಟು ಕಟ್ಟಿ ಇಟ್ಟುಕೊಂಡಿದ್ದ ಮಣ್ಣನ್ನೂ ಜೊತೆಗೇ ಹಾಕಿ, ಹುಣಸೆಮರದ ಕೆಳಗೆ ಮಣ್ಣು ಮಾಡಿದೆವು.

ವಾಪಸು ಬರುವಷ್ಟರಲ್ಲಿ ಅಯ್ಯನವರು ಪಂಚಾಂಗ ನೋಡಿದ್ದರು. ಕೆಟ್ಟ ನಕ್ಷತ್ರ. ಮನೆ ಬಿಡಬೇಕು. ಊರಿನ ಹಿರಿಯರು ಆಗಲೇ ಜಾಲಿ ಮುಳ್ಳು ಕಡಿಸಿ ತಂದು ಬಾಗಿಲ ಮುಂದೆ ಹಾಕಿಸಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಮುಂದೆ ಹೋದ. ಎಪ್ಪತ್ತರ ಹತ್ತಿರದ ಮುದುಕ, ನೆಟ್ಟಗೆ ನಿಲ್ಲಲು ಕೋಲು ಬೇಕಿತ್ತು. ಕೋಲು ಬಿಸಾಕಿ ಎರಡೂ ಬರಿಗೈಯಿಂದ ಆ ಮುಳ್ಳು ಹಿಡಿದು ಬೀದಿಗೆ ಎಳೆದ.

"ಈರಭದ್ರಪ್ಪಾ, ಏನಿದು! ಮನೆಗೆ ಕೇಡು ಕಣೋ!" ಅಂತ ಯಾರೋ ಕೂಗಿದರು.

"ಒಂದ್ಸಲ ಹಾಕಿದ್ದೆ, ಸಾಕು. ಇನ್ನು ಮೇಲೆ ಈ ಬಾಗಿಲಿಗೆ ಬಂದೋರು ತಿರುಗಿ ಹೋಗ್ಬಾರ್ದು" ಅಂದ ಅಪ್ಪ. ಅವನ ಅಂಗೈಯಿಂದ ರಕ್ತ ಸೋರುತ್ತಿತ್ತು. ಊರಿನವರು ತಿಂಗಳುಗಟ್ಟಲೆ ನಮ್ಮ ಮನೆಯ ನೀರು ಕುಡಿಯಲಿಲ್ಲ. ಬೇಡ ಬಿಡಿ ಅಂದೆವು.

ಆ ವರ್ಷ ಅಮಾವಾಸ್ಯೆಯ ದಿನ ಬಾಗಿಲು ತೆರೆದಿಟ್ಟುಕೊಂಡೇ ಎಡೆ ಇಟ್ಟೆವು. ದೊಡ್ಡಪ್ಪನ ಎಲೆಯ ಪಕ್ಕದಲ್ಲಿ ಕೆಂಚಕ್ಕನಿಗೂ ಒಂದು ಎಲೆ ಹಾಕಿ ನನ್ನ ಹೆಂಡತಿ ಮುದ್ದೆ ಬಡಿಸಲು ಬಂದಳು. ಅಪ್ಪ ಅವಳ ಕೈ ತಡೆದ. ಎಲೆಯನ್ನು ತೆಗೆದು, ಅದರ ತುದಿಯನ್ನು ಮಾತ್ರ ಅಂಗೈಯಗಲ ಹರಿದು ಹಾಕಿ, ಅಡುಗೆಮನೆಗೆ ಹೋಗಿ ಒಂದು ಚೂರು ಬೆಲ್ಲ, ಒಂದು ಲೋಟ ಹಾಲು ತಾನೇ ತಂದಿಟ್ಟ.